ಸೈಕಲ್ಲು ಕೂಡ ಕೊಡಬಾರದ ಕೈ

ನಮ್ಮ ಕಟ್ಟಡದ ಭಾನುವಾರದ ಸಿನಿಮಾಕ್ಕೆ ಪ್ರೊಜೆಕ್ಟರು ನನ್ನದು, ಪರದೆ ನಮ್ಮ ಸಂಘದ ಕಾರ್ಯದರ್ಶಿಗಳ ಮಂಚದ ಮೇಲಿನ ಚಾದರ, ಕುರ್ಚಿ ಅವರವರದು. ರಿಮೋಟು ಮಾತ್ರ ಕ್ಯಾಪ್ಟನ್ನರದು. ಅದನ್ನು ಅವರಿಗೆ ಯಾರೂ ಕೊಟ್ಟದ್ದಲ್ಲ. ಪ್ರೊಜೆಕ್ಟರಿನ ಜೊತೆ ನಾನೇ ತಂದ ರಿಮೋಟು ಅದು. ಒಂದು ಸಲ ಅವರ ಕೈಗೆ ಹೋಯಿತು, ಆಮೇಲೆ ವಾಪಸು ಬರಲಿಲ್ಲ. ಮದುವೆ ಮನೆಗಳಲ್ಲಿ ಫೋಟೋ ತೆಗೆದು ಹೊಟ್ಟೆ ಹೊರೆಯುವವನು ನಾನು. ಜನರನ್ನು "ಸ್ವಲ್ಪ ನಗಿ" ಎಂದು ಬೇಡಿಕೊಂಡು ಅಭ್ಯಾಸವೇ ಹೊರತು ಗದರಿಸಿ ಅಭ್ಯಾಸವಿಲ್ಲ.

ಕ್ಯಾಪ್ಟನ್ ಎಂದರೆ ಎರಡನೇ ಮಹಡಿಯವರು. ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡಂತೆ ಒಂದು ರಿಪೇರಿ ಶೆಡ್ಡು ಇದೆ. ವಿಮಾನದ ಹರಿದ ಸೀಟುಗಳು ಅಲ್ಲಿಗೆ ಬರುತ್ತವೆ. ಅವಕ್ಕೆ ಹೊಸ ಕವರು ಹೊಲಿದು ಹಾಕುವುದು ಅವರ ಕೆಲಸ. ಈ ವಿಷಯ ಅವರ ಹೆಂಡತಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು. ನಮಗೆಲ್ಲ ತಿಳಿದದ್ದು ಬಹಳ ತಡವಾಗಿ. ನಿಮಗೆ ಮಾತ್ರ ಮೊದಲೇ ಹೇಳಿಬಿಡುತ್ತಿದ್ದೇನೆ, ನಾವು ಪಟ್ಟ ಪಾಡು ನಿಮಗೆ ಬೇಡ.

ಶುರುವಾದದ್ದು ತೀರಾ ಸಣ್ಣದಾಗಿ. ಒಂದು ಸಿನಿಮಾದಲ್ಲಿ ಖಳನಾಯಕ ಹಾರುತ್ತಿರುವ ವಿಮಾನದ ಕಿಟಕಿ ತೆಗೆದು ಸಿಗರೇಟು ಹೊರಗೆ ಎಸೆದ. "ಆ ಕಿಟಕಿ ತೆಗೆಯೋಕೆ ಬರಲ್ಲ ಕಣ್ರೀ" ಎಂದರು ಇವರು. "ನಿಮಗೆ ಹೇಗೆ ಗೊತ್ತು ಸಾರ್?" ಎಂದು ಕಾರ್ಯದರ್ಶಿಗಳು ಕೇಳಿದರು. "ದಿನಾ ವಿಮಾನದೊಳಗೇ ಇರ್ತೀನಲ್ಲ" ಎಂದರು. ಅದು ಸುಳ್ಳೇನಲ್ಲ. ನಿಂತ ವಿಮಾನದೊಳಗೆ ಮಂಡಿಯೂರಿ ಸೀಟಿನ ಬೋಲ್ಟು ಬಿಚ್ಚುತ್ತಾ ಇರುತ್ತಿದ್ದರು. ಆ ವಿವರ ಯಾಕೋ ಬಾಯಿಂದ ಬರಲಿಲ್ಲ, ಅಷ್ಟೇ. ಮರುದಿನ ಬೆಳಗ್ಗೆ ಕಾರ್ಯದರ್ಶಿಗಳು ಮೆಟ್ಟಿಲ ಮೇಲೆ "ಗುಡ್ ಮಾರ್ನಿಂಗ್ ಕ್ಯಾಪ್ಟನ್" ಎಂದರು. ಇವರು ಹಿಂದೆ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಹಾಗಾಗಿ ತಾವೇ ಕ್ಯಾಪ್ಟನ್ ಆದರು.

ಅಲ್ಲಿಂದ ನಮ್ಮ ಸಿನಿಮಾಗಳಿಗೆ ಗ್ರಹಚಾರ ಹಿಡಿಯಿತು. ಯಾವ ಸಿನಿಮಾದಲ್ಲಾದರೂ ಆಕಾಶದಲ್ಲಿ ಒಂದು ವಿಮಾನ ಕಂಡರೆ ಸಾಕು, ಚಿತ್ರ ನಿಲ್ಲುತ್ತಿತ್ತು. ಕ್ಯಾಪ್ಟನ್ ಎದ್ದು ಪರದೆಯ ಮುಂದೆ ಹೋಗಿ, ನಾಯಕಿಯ ಮೂಗಿನ ಮೇಲೆ ಬೆರಳಿಟ್ಟು, ಅವಳ ಹಿಂದೆ ಕಾಣುವ ವಿಮಾನದ ಗುಂಡಿಗಳ ಬಗ್ಗೆ ಪಾಠ ಮಾಡುತ್ತಿದ್ದರು. ಸಂಜೆಗೆ ನಾವು ಸಿನಿಮಾ ಹಾಕುವ ಹಾಲ್ ನೃತ್ಯದ ತರಗತಿಗೆ ಬೇಕು. ಟೀಚರಮ್ಮ ಗೆಜ್ಜೆ ಹಿಡಿದು ಬಾಗಿಲಲ್ಲಿ ನಿಂತರೆ ಸಿನಿಮಾ ಅಲ್ಲಿಗೆ ಮುಗಿಯಿತು. ಹೀಗಾಗಿ ನಮ್ಮ ಕಟ್ಟಡದ ಜನ ಎಷ್ಟೋ ಸಿನಿಮಾ ನೋಡಿದ್ದಾರೆ, ಒಂದರ ಕೊನೆಯನ್ನೂ ನೋಡಿಲ್ಲ. ಇದರಿಂದ ಎಲ್ಲರಿಗಿಂತ ಹೆಚ್ಚು ಬೆಂದದ್ದು ನೆಲಮಹಡಿಯ ಅಜ್ಜಿ. ಆಕೆಗೆ ಕಥೆ ಬೇಕು.

ಹಾಗಿರುವಾಗ ಸೇತುವೆಯ ಸಿನಿಮಾ ಬಂತು. ಅದರಲ್ಲಿ ಪೈಲಟ್ ಎಚ್ಚರ ತಪ್ಪುತ್ತಾನೆ, ಹೋಟೆಲಿನ ಅಡುಗೆಯವನೊಬ್ಬ ವಿಮಾನ ನಡೆಸುತ್ತಾನೆ, ಸೇತುವೆಯ ಕೆಳಗೆ ತೂರಿಸುತ್ತಾನೆ, ಹಿಂದಿನ ಸೀಟಿನಲ್ಲಿ ಗೊಂಬೆ ಹಿಡಿದುಕೊಂಡ ಒಂದು ಮಗು ಅಳುತ್ತದೆ. ಎರಡೂ ಇಂಜಿನ್ ನಿಂತುಹೋಗುತ್ತವೆ. ವಿಮಾನ ಸದ್ದಿಲ್ಲದೆ ಮೋಡಗಳ ನಡುವೆ ತೇಲುತ್ತಾ ಹೋಗುತ್ತದೆ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು. ಆಗ ಟಕ್ಕೆಂದು ಚಿತ್ರ ನಿಂತಿತು.

"ಶುದ್ಧ ಸುಳ್ಳು!" ಎಂದು ಕ್ಯಾಪ್ಟನ್ ಗುಡುಗಿದರು. "ಇಂಜಿನ್ ನಿಂತ ಮೇಲೆ ಇಷ್ಟು ಹೊತ್ತು ತೇಲುತ್ತೇನ್ರೀ? ಅದೇನು ಹತ್ತಿನಾ? ಕಲ್ಲು ಬಿದ್ದ ಹಾಗೆ ಬೀಳಬೇಕು!"

"ಮಗು ಏನಾಯ್ತಪ್ಪ?" ಎಂದರು ಅಜ್ಜಿ.

"ಮಗು ಆಮೇಲೆ ಅಜ್ಜಿ. ಮೊದಲು ಭೂಮಿಯ ಸೆಳೆತ ನೋಡಿ" ಎಂದು ಕ್ಯಾಪ್ಟನ್ ಆಕೆಯ ಮಡಿಲಲ್ಲಿದ್ದ ಕನ್ನಡಕ ಎತ್ತಿಕೊಂಡು, ತಲೆಯ ಮೇಲಿನಷ್ಟು ಎತ್ತರದಿಂದ ಕೈಬಿಟ್ಟರು. ಕನ್ನಡಕ ಕಲ್ಲಿನ ಹಾಗೆಯೇ ಬಿತ್ತು. ಸಿದ್ಧಾಂತ ಗೆದ್ದಿತು, ಗಾಜು ಒಡೆಯಿತು. ಆ ಉತ್ಸಾಹದಲ್ಲಿ ಕ್ಯಾಪ್ಟನ್ ಕೊನೆಯ ಮಾತು ಹೇಳಿದರು: "ಈ ಸಿನಿಮಾಕ್ಕೆ ಸಲಹೆ ಕೊಟ್ಟವನು ಯಾವನೇ ಆಗಿರಲಿ, ಅವನ ಕೈಗೆ ವಿಮಾನ ಹಾಗಿರಲಿ, ಸೈಕಲ್ಲು ಕೂಡ ಕೊಡಬಾರದು!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಬಾಗಿಲಲ್ಲಿ ಗೆಜ್ಜೆಯ ಸದ್ದಾಯಿತು.

ಒಡೆದ ಕನ್ನಡಕವನ್ನು ಮರುದಿನ ಕ್ಯಾಪ್ಟನ್ನರ ಮಗಳು ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಒಯ್ದಳು. ಅಲ್ಲಿ ಗಾಜು ಉಜ್ಜಿ ಕೂರಿಸುವ ಹುಡುಗನಿಗೂ ಅವಳಿಗೂ ಒಂದು ವರ್ಷದಿಂದ ಮನಸ್ಸು ಕೂಡಿತ್ತು. ಕನ್ನಡಕ ಒಡೆದ ಕಥೆಯನ್ನು ಅವಳು ನಗುನಗುತ್ತಾ ಅವನಿಗೆ ಹೇಳಿದಳು. ಅವನು ಊಟದ ಹೊತ್ತಿನಲ್ಲಿ ತನ್ನ ತಂದೆಗೆ ಹೇಳಿದ. ಸೈಕಲ್ಲಿನ ಮಾತನ್ನೂ ಬಿಡದೆ ಹೇಳಿದ. ತಂದೆಯ ಕೈಯಲ್ಲಿನ ತುತ್ತು ಹಾಗೇ ನಿಂತಿತಂತೆ. "ಹುಡುಗಿಯ ತಂದೆಗೆ ವಿಮಾನದ ವಿಷಯ ಅಷ್ಟು ಗೊತ್ತಾ?" ಎಂದು ಕೇಳಿದರಂತೆ. "ತುಂಬಾ ಗೊತ್ತಂತೆ ಅಪ್ಪ. ಅವರನ್ನ ಎಲ್ಲರೂ ಕ್ಯಾಪ್ಟನ್ ಅಂತಾರೆ" ಎಂದನಂತೆ ಮಗ. ಹೆಂಡತಿ ತೀರಿಕೊಂಡ ಮೇಲೆ ಮಗನೇ ಪ್ರಾಣವಾಗಿದ್ದ ಆ ತಂದೆ ಆ ರಾತ್ರಿ ನಿದ್ದೆ ಮಾಡಲಿಲ್ಲ. ಅದು ಯಾಕೆ ಎನ್ನುವುದು ಮುಂದೆ ಬರುತ್ತದೆ.

ಇತ್ತ ಎರಡನೇ ಮಹಡಿಯಲ್ಲಿ ಮಗಳು ತಾಯಿಗೆ ವಿಷಯ ತಿಳಿಸಿದಳು. ತಾಯಿ ಗಂಡನಿಗೆ ತಿಳಿಸಿದರು. ಪಕ್ಕದ ಮನೆ ನನ್ನದು, ಗೋಡೆ ತೆಳು, ನನಗೂ ತಿಳಿಯಿತು.

"ಒಳ್ಳೆ ಹುಡುಗ ರೀ. ಬರೋ ಭಾನುವಾರ ತಂದೆಯನ್ನ ಕರ್ಕೊಂಡು ಬರ್ತಾನಂತೆ."

"ಬರಲಿ ಬರಲಿ. ತಂದೆ ಏನು ಮಾಡ್ಕೊಂಡಿದ್ದಾರೆ?"

"ಈಗ ರಿಟೈರ್ ಆಗಿದ್ದಾರೆ. ಮೊದಲು ಪೈಲಟ್ ಆಗಿದ್ರಂತೆ."

ಆ ಕಡೆ ಕುರ್ಚಿಯೊಂದು ಕಿರುಗುಟ್ಟಿತು.

"ನಿಜವಾದ ಪೈಲಟ್ಟಾ?"

"ಮತ್ತೆ ನಿಮ್ಮ ಥರದ ಪೈಲಟ್ ಇನ್ನೊಬ್ಬರು ಇರ್ತಾರಾ? ನೋಡಿ, ನಾನು ಈಗಲೇ ಹೇಳಿರ್ತೀನಿ. ನಿಮ್ಮ ಬಾಯಿಂದ ಈ ಮದುವೆ ಮುರಿದುಬಿತ್ತೋ, ಆಮೇಲೆ ನನ್ನ ಹತ್ತಿರ ಮಾತಾಡೋಕೆ ಬರಬೇಡಿ."

"ಅಪ್ಪ, ನಿಜ ಹೇಳಿಬಿಡು. ಸೀಟು ಹೊಲಿಯೋದು ಏನು ಕಳ್ಳತನಾನಾ?" ಎಂದಳು ಮಗಳು. ಆಗ ಓಣಿಯಲ್ಲಿ ಲಾರಿ ಹೋಯಿತು, ಈ ಮಾತೂ ಇದಕ್ಕೆ ಬಂದ ಉತ್ತರವೂ ನನಗೆ ಅವತ್ತು ಕೇಳಿಸಲಿಲ್ಲ, ಮಗಳು ಎಷ್ಟೋ ದಿನದ ಮೇಲೆ ಹೇಳಿದ್ದು. ಇಲ್ಲದಿದ್ದರೆ ನಮ್ಮ ಕಥೆ ಅಲ್ಲೇ ಮುಗಿಯುತ್ತಿತ್ತು.

"ಕಳ್ಳತನ ಅಲ್ಲಮ್ಮ. ಆದರೆ ಇಷ್ಟು ದಿನ ಕ್ಯಾಪ್ಟನ್ ಅನ್ನಿಸ್ಕೊಂಡು ಈಗ ಹೇಳಿದ್ರೆ ಸುಳ್ಳುಬುರುಕನ ಮಗಳು ಬೇಡ ಅಂದ್ಬಿಟ್ರೆ?" ಎಂದರು ಕ್ಯಾಪ್ಟನ್. ಆ ಮನುಷ್ಯನಿಗೆ ಮಗಳೆಂದರೆ ಜೀವ. ಅಷ್ಟನ್ನು ಮಾತ್ರ ನಾನು ತಮಾಷೆ ಮಾಡಲಾರೆ.

ಕೊನೆಗೆ ಕ್ಯಾಪ್ಟನ್ ಒಂದು ಉಪಾಯ ಹೂಡಿದರು. ಭಾನುವಾರದ ಮಟ್ಟಿಗೆ ತಮ್ಮ ಗಂಟಲು ಹೋಗಿರಬೇಕು. ಮಾತೇ ಬರದವನನ್ನು ಯಾರು ಏನು ಕೇಳುತ್ತಾರೆ? ಶನಿವಾರದಿಂದಲೇ ಕುತ್ತಿಗೆಗೆ ಉಲ್ಲನ್ ಮಫ್ಲರು ಸುತ್ತಿಕೊಂಡು, ಸಿಕ್ಕವರಿಗೆಲ್ಲ ಗಂಟಲು ಮುಟ್ಟಿ ತೋರಿಸಿ ತಲೆಯಾಡಿಸುತ್ತಾ ಓಡಾಡಿದರು. ಅಜ್ಜಿ "ಅಯ್ಯೋ ಪಾಪ" ಎಂದರು. ಅಷ್ಟು ಸಂತೋಷದಿಂದ ಯಾರಾದರೂ ಅಯ್ಯೋ ಪಾಪ ಎಂದದ್ದನ್ನು ನಾನು ಕೇಳಿಲ್ಲ.

ಆದರೆ ನಮ್ಮ ಕಾರ್ಯದರ್ಶಿಗಳನ್ನು ಯಾರು ತಡೆಯಬೇಕು? ಸಮಾರಂಭ ಎಂದರೆ ಪ್ರಾಣ ಬಿಡುವ ಮನುಷ್ಯ. ಕಟ್ಟಡಕ್ಕೆ ಪೈಲಟ್ ಬರುತ್ತಾರೆಂದು ತಿಳಿದದ್ದೇ ನನ್ನ ಬಾಗಿಲು ತಟ್ಟಿದರು. "ಒಂದೇ ಹಾಲಿನಲ್ಲಿ ಇಬ್ಬರು ಕ್ಯಾಪ್ಟನ್ನರು! ಸೇತುವೆ ಸಿನಿಮಾ ಹಾಕೋಣ. ಇಬ್ಬರೂ ಸೇರಿ ತಪ್ಪು ಹುಡುಕಲಿ. ಟೀಚರಮ್ಮಂಗೆ ಹೇಳಿ ನೃತ್ಯಕ್ಕೆ ರಜಾ ಹಾಕಿಸಿದ್ದೀನಿ" ಎಂದರು. ಸುದ್ದಿ ಕೇಳಿ ಕ್ಯಾಪ್ಟನ್ ಗಂಟಲು ಹೋಗಿದೆ ಎನ್ನುವುದನ್ನೇ ಮರೆತು "ಬೇಡ್ರೀ!" ಎಂದು ಕಿರುಚಿದರಂತೆ. ಕಾರ್ಯದರ್ಶಿಗಳು ಅದನ್ನು ವಿನಯ ಎಂದುಕೊಂಡರು.

ಭಾನುವಾರ ಮಧ್ಯಾಹ್ನ ಕಾರ್ಯದರ್ಶಿಗಳು ಹಾರ ಹಿಡಿದು ಗೇಟಿನಲ್ಲಿ ನಿಂತಿದ್ದರು. ಬಿಳಿ ಶರ್ಟು, ಭುಜದ ಮೇಲೆ ಪಟ್ಟಿ, ಕಪ್ಪು ಕಾರು, ಹೀಗೆ ಅವರ ಕಣ್ಣ ಮುಂದೆ ಒಂದು ಚಿತ್ರವಿತ್ತು. ಬಂದದ್ದು ಪಂಕ್ಚರ್ ಆದ ಸ್ಕೂಟರು. ಅದನ್ನು ಒಬ್ಬ ಹುಡುಗ ಮುಂದಿನಿಂದ ಎಳೆಯುತ್ತಿದ್ದ, ಬೆವರಿನಲ್ಲಿ ತೊಯ್ದ ಹಿರಿಯರೊಬ್ಬರು ಹಿಂದಿನಿಂದ ತಳ್ಳುತ್ತಿದ್ದರು.

"ಇಲ್ಲಿ ನಿಲ್ಲಿಸಬೇಡಿ, ಮುಂದೆ ಹೋಗಿ!" ಎಂದರು ಕಾರ್ಯದರ್ಶಿಗಳು. "ಪೈಲಟ್ ಬರೋ ಹೊತ್ತು. ಮೂಲೆಯಲ್ಲಿ ಪಂಕ್ಚರ್ ಅಂಗಡಿ ಇದೆ, ಅಲ್ಲಿಗೆ ತಳ್ಳಿ."

ಹಿರಿಯರು ಮರುಮಾತಾಡದೆ ಮೂಲೆಯವರೆಗೆ ತಳ್ಳಿದರು. ಅಂಗಡಿಗೆ ಭಾನುವಾರ ರಜಾ. ಮತ್ತೆ ವಾಪಸು ತಳ್ಳಿಕೊಂಡು ಬಂದರು.

"ಮತ್ತೆ ಬಂದ್ರಲ್ರೀ! ಹೇಳಿದ್ದು ಅರ್ಥ ಆಗಲಿಲ್ವಾ?"

"ಅರ್ಥ ಆಯ್ತು ಸಾರ್. ಆದರೆ ಆ ಪೈಲಟ್ ನಾನೇ" ಎಂದರು ಹಿರಿಯರು, ತಪ್ಪು ತಮ್ಮದೇ ಎಂಬಂತೆ.

ಕಾರ್ಯದರ್ಶಿಗಳ ಮುಖ ಇಂಗು ತಿಂದ ಮಂಗನಂತಾಯಿತು. ಗಡಿಬಿಡಿಯಲ್ಲಿ ಹಾರವನ್ನು ಸ್ಕೂಟರಿನ ಹ್ಯಾಂಡಲಿಗೆ ಹಾಕಿ ಕೈ ಮುಗಿದರು.

ಹಾಲಿನಲ್ಲಿ ಪೈಲಟ್ಟರನ್ನೂ ಕ್ಯಾಪ್ಟನ್ನರನ್ನೂ ಮುಂದಿನ ಸಾಲಿನಲ್ಲಿ ಅಕ್ಕಪಕ್ಕ ಕೂರಿಸಲಾಯಿತು. ನಡುವೆ ನನ್ನ ಪ್ರೊಜೆಕ್ಟರಿನ ವೈರು. ಪೈಲಟ್ ನಮಸ್ಕಾರ ಮಾಡಿ, "ನಿಮ್ಮ ಬಗ್ಗೆ ತುಂಬಾ ಕೇಳಿದ್ದೀನಿ" ಎಂದರು. ಕ್ಯಾಪ್ಟನ್ ಗಂಟಲು ಮುಟ್ಟಿ ತೋರಿಸಿ, ಮುಖ ಆ ಕಡೆ ತಿರುಗಿಸಿದರು. ಮುಖ ತಿರುಗಿಸಿದ್ದು ಹೆದರಿಕೆಗೆ. ಪೈಲಟ್ಟರಿಗೆ ಅದು ತಿರಸ್ಕಾರವಾಗಿ ಕಂಡಿತು. ಅವರು ಒಣಗಿದ ತುಟಿ ಸವರಿಕೊಂಡು ಮಗನ ಕಡೆ ನೋಡಿದರು. ಮಗ ಹುಡುಗಿಯ ಕಡೆ ನೋಡುತ್ತಿದ್ದ.

ಮಾತು ಹೋದವರಿಗೆ ರಿಮೋಟು ಯಾಕೆ ಎಂದು ಅಜ್ಜಿ ಮೊದಲೇ ಅದನ್ನು ಎತ್ತಿಕೊಂಡಿದ್ದರು. ಎತ್ತಿಕೊಂಡು ತಮ್ಮ ಕೈಚೀಲಕ್ಕೆ ಹಾಕಿ, ಚೀಲವನ್ನು ಎದೆಗವುಚಿಕೊಂಡು ಕೂತಿದ್ದರು. ಸಿನಿಮಾ ಶುರುವಾಯಿತು. ಅಡುಗೆಯವನು ವಿಮಾನದ ಹಿಡಿಕೆ ಹಿಡಿದ. ಕಾರ್ಯದರ್ಶಿಗಳು ಹಿಂದಿನಿಂದ ಬಗ್ಗಿ, "ಹೀಗೆ ನಡೆಯುತ್ತಾ ಸಾರ್?" ಎಂದು ಕೇಳಿದರು.

"ಅದು... ಸಂದರ್ಭ ನೋಡ್ಕೊಂಡು..." ಎಂದು ಪೈಲಟ್ ತೊದಲಿ, ಕಳ್ಳಗಣ್ಣಿನಿಂದ ಕ್ಯಾಪ್ಟನ್ನರ ಕಡೆ ನೋಡಿದರು.

"ನೀವೇನಂತೀರಿ ಕ್ಯಾಪ್ಟನ್?"

ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡರು. ಆಹಾ, ಎಂಥ ಖಂಡನೆ ಎಂದು ನಮಗೆಲ್ಲ ಅನ್ನಿಸಿತು. ಪೈಲಟ್ಟರ ಹಣೆಯ ಮೇಲೆ ಮತ್ತೆ ಬೆವರು ಕಾಣಿಸಿತು.

ಸೇತುವೆ ಬಂತು. ಕ್ಯಾಪ್ಟನ್ ಕೆಮ್ಮಲು ಶುರು ಮಾಡಿದರು. ಕೆಮ್ಮು ನಿಂತರೆ ಪ್ರಶ್ನೆ ಬರುತ್ತದೆಂದು ನಿಲ್ಲಿಸಲೇ ಇಲ್ಲ. ಪೈಲಟ್ ತಟ್ಟನೆ ಎದ್ದು, "ಪಾಪ, ಇವರಿಗೆ ಹುಷಾರಿಲ್ಲ. ಸಿನಿಮಾ ಸಾಕು, ನಿಲ್ಲಿಸಿಬಿಡೋಣ" ಎಂದರು. ಕ್ಯಾಪ್ಟನ್ ಕೆಮ್ಮುತ್ತಲೇ ಜೋರಾಗಿ ತಲೆಯಾಡಿಸಿದರು. ಅವತ್ತು ಅವರಿಬ್ಬರ ಅಭಿಪ್ರಾಯ ಒಂದಾದದ್ದು ಅದೇ ಮೊದಲು.

"ಕೆಮ್ಮೋರು ಹೊರಗೆ ಹೋಗಿ ಕೆಮ್ಮಲಿ. ನಂಗೆ ಮಗು ಏನಾಯ್ತು ಅಂತ ಗೊತ್ತಾಗಬೇಕು" ಎಂದರು ಅಜ್ಜಿ. ಇಬ್ಬರೂ ತೆಪ್ಪಗೆ ಕೂತರು.

ಇಂಜಿನ್ ನಿಂತಿತು. ವಿಮಾನ ತೇಲತೊಡಗಿತು. ಇಡೀ ಹಾಲ್ ಕ್ಯಾಪ್ಟನ್ನರ ಕಡೆ ತಿರುಗಿತು. ಅಭ್ಯಾಸಬಲ ನೋಡಿ, ಅವರು ನಿಲ್ಲಿಸದಿದ್ದರೂ ನಮ್ಮೊಳಗೆ ಚಿತ್ರ ನಿಂತಂತಾಯಿತು. ಆಗ ನನ್ನ ಕಣ್ಣು ನೆಲದ ಕಡೆ ಹೋಯಿತು. ಕ್ಯಾಪ್ಟನ್ನರ ಬಲಗಾಲಿನ ಚಪ್ಪಲಿ ಮೆಲ್ಲಗೆ ವೈರಿನ ಕಡೆ ಜಾರುತ್ತಿತ್ತು. ಆ ಕಡೆಯಿಂದ ಪೈಲಟ್ಟರ ಎಡಗಾಲಿನ ಬೂಟು ಅದೇ ವೈರಿನ ಕಡೆ ಜಾರುತ್ತಿತ್ತು. ಎರಡೂ ಒಟ್ಟಿಗೆ ತಲುಪಿ, ಒಂದನ್ನೊಂದು ತುಳಿದವು. ಇಬ್ಬರೂ "ಸಾರಿ" ಎಂದು ಕಾಲು ಹಿಂದಕ್ಕೆ ಎಳೆದುಕೊಂಡರು. ಗಂಟಲಿಲ್ಲದ ಕ್ಯಾಪ್ಟನ್ ಸಾರಿ ಎಂದದ್ದನ್ನು ಪುಣ್ಯಕ್ಕೆ ನನ್ನ ಹೊರತು ಯಾರೂ ಗಮನಿಸಲಿಲ್ಲ. ನನಗೆ ತಲೆಬುಡ ತಿಳಿಯಲಿಲ್ಲ. ಪ್ರೊಜೆಕ್ಟರು ಸುಟ್ಟರೆ ಹೊಸದು ತರುವವನು ನಾನೇ ತಾನೇ? ಹೋಗಿ ವೈರಿನ ಮೇಲೆ ನನ್ನ ಸ್ಟೂಲು ಹಾಕಿಕೊಂಡು ಕೂತೆ.

ಅಡುಗೆಯವನು ವಿಮಾನವನ್ನು ಹೆದ್ದಾರಿಯ ಮೇಲೆ ಇಳಿಸಿದ. ಗೊಂಬೆಯ ಮಗು ತಾಯಿಯ ತೋಳು ಸೇರಿತು. ಅಜ್ಜಿ ಗಟ್ಟಿಯಾಗಿ ಅತ್ತರು. ನಮಗೂ ಕಣ್ಣು ತುಂಬಿತು. ಸಿನಿಮಾಕ್ಕೆ ಕೊನೆ ಎನ್ನುವುದೊಂದು ಇರುತ್ತದೆ, ಅದು ಇಷ್ಟು ಚೆನ್ನಾಗಿರುತ್ತದೆ ಎನ್ನುವುದು ನಮಗೆ ಮರೆತೇಹೋಗಿತ್ತು. ಯಾರಿಗೂ ಏಳಲು ಮನಸ್ಸಾಗಲಿಲ್ಲ. ಪರದೆಯ ಮೇಲೆ ಹೆಸರುಗಳು ಏರತೊಡಗಿದವು. ಪೈಲಟ್ ಮಾತ್ರ ಎದ್ದು, "ಹೊರಡೋಣ, ಹೊರಡೋಣ, ಹೊತ್ತಾಯ್ತು" ಎಂದು ಪರದೆಗೆ ಅಡ್ಡವಾಗಿ ನಿಂತುಬಿಟ್ಟರು.

ಪರದೆಯ ಮುಂದೆ ನಿಂತವರ ಮೇಲೆ ಚಿತ್ರ ಬೀಳುತ್ತದೆ ಎನ್ನುವುದು ಅವರಿಗೆ ತಿಳಿದಿರಲಿಲ್ಲ. ಅವರ ಬಿಳಿ ಶರ್ಟಿನ ಮೇಲೆ ಅಕ್ಷರಗಳು ಹೊಟ್ಟೆಯಿಂದ ಎದೆಗೆ ಏರಿದವು. ಹೊಸ ಕನ್ನಡಕದ ಅಜ್ಜಿ ಗಟ್ಟಿಯಾಗಿ ಓದಿದರು: "ವಿಮಾನ ಹಾರಾಟದ ಸಲಹೆಗಾರರು..." ಅದರ ಕೆಳಗೆ ಬಂದ ಹೆಸರನ್ನು ಓದಿದರು. ಅದು ಆ ಶರ್ಟು ತೊಟ್ಟವರದೇ ಹೆಸರು.

ಎಲ್ಲರಿಗೂ ಒಟ್ಟಿಗೆ ಸೈಕಲ್ಲು ನೆನಪಾಯಿತು.

ಪೈಲಟ್ ಕೈ ಜೋಡಿಸಿದರು. "ನಂಗೊತ್ತು ಸಾರ್, ನೀವು ಸೈಕಲ್ಲು ಕೂಡ ಕೊಡಬಾರದು ಅಂದಿದ್ದು. ಅವತ್ತಿಂದ ನಂಗೆ ನಿದ್ದೆ ಇಲ್ಲ. ಇವತ್ತು ನೀವು ಒಂದು ಮಾತೂ ಆಡದೆ ಕೂತಿದ್ದು ನೋಡಿ ಎಲ್ಲಾ ಮುಗೀತು ಅಂದ್ಕೊಂಡೆ. ನನ್ನ ತಪ್ಪಿಗೆ ಹುಡುಗನನ್ನ ಬೇಡ ಅನ್ನಬೇಡಿ. ನಾನು ಏನು ಮಾಡಲಿ? ಸೇತುವೆ ಬೇಡ ಅಂದೆ. ಸೇತುವೆಗೆ ಅನುಮತಿ ಸಿಕ್ಕಿದೆ ಸಾರ್ ಅಂದ್ರು. ಅಡುಗೆಯವನಿಗೆ ವಿಮಾನ ನಡೆಸೋಕೆ ಬರಲ್ಲ ಅಂದೆ. ಅವನೇ ಹೀರೋ ಸಾರ್ ಅಂದ್ರು. ಮೋಡದಲ್ಲಿ ಟೈರ್ ಕಿರ್ರ್ ಅನ್ನಲ್ಲ ಅಂದೆ. ಆ ಸೌಂಡು ಈಗಾಗಲೇ ಕೊಂಡಾಗಿದೆ ಸಾರ್ ಅಂದ್ರು. ಹೇಳಿದ್ದು ಒಂದನ್ನೂ ಹಾಕಲಿಲ್ಲ, ನನ್ನ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದ್ರು!" ಎಂದರು. ಹಣೆಯ ಬೆವರು ಒರೆಸಿಕೊಂಡು ಮುಂದುವರಿಸಿದರು. "ಒಂದೇ ಒಂದು ಸೀನಿಗೆ ಊಟ ಬಿಟ್ಟು ಕೂತು ಗೆದ್ದೆ. ಇಂಜಿನ್ ನಿಂತ ಮೇಲೆ ವಿಮಾನ ತೇಲುತ್ತಲ್ಲ, ಅದು. ಕಲ್ಲಿನ ಹಾಗೆ ಬೀಳಿಸ್ತೀವಿ ಅಂತ ಹಟ ಹಿಡಿದಿದ್ರು. ರೆಕ್ಕೆ ಇರುತ್ತಲ್ರಪ್ಪ, ಎತ್ತರದಲ್ಲಿದ್ರೆ ಊರೂರು ದಾಟಿ ತೇಲುತ್ತೆ ಅಂತ ಹೇಳಿ ಹೇಳಿ ಸಾಕಾಯ್ತು. ಇಡೀ ಸಿನಿಮಾದಲ್ಲಿ ಸರಿಯಾಗಿರೋದು ಅದೊಂದೇ."

ಅದೊಂದನ್ನೇ ಶುದ್ಧ ಸುಳ್ಳು ಎಂದು ಸಾಧಿಸಲು ಅಜ್ಜಿಯ ಕನ್ನಡಕ ಒಡೆದದ್ದು. ಎಲ್ಲರ ಕಣ್ಣು ಮೆಲ್ಲಗೆ ಕ್ಯಾಪ್ಟನ್ನರ ಕಡೆ ಹೊರಳಿತು. ಕ್ಯಾಪ್ಟನ್ ಕುರ್ಚಿಯಿಂದ ಎದ್ದರು. ಮಗಳನ್ನು ನೋಡಿದರು. ಮಗಳು ಕಣ್ಣಲ್ಲೇ ಹೂಂ ಎಂದಳು. ಅವರು ಮಫ್ಲರು ಕಿತ್ತು ಎಸೆದರು.

"ಸಾರ್, ನಂಗೆ ಗಂಟಲೂ ಹೋಗಿಲ್ಲ, ವಿಮಾನವೂ ಗೊತ್ತಿಲ್ಲ!" ಎಂದು ಕೂಗಿದರು. "ನಾನು ಕ್ಯಾಪ್ಟನ್ನೂ ಅಲ್ಲ, ಎಂಜಿನಿಯರೂ ಅಲ್ಲ. ವಿಮಾನದ ಸೀಟಿಗೆ ಕವರು ಹೊಲಿಯೋನು. ಹಾರೋ ವಿಮಾನದಲ್ಲಿ ಒಂದು ದಿನಾನೂ ಕೂತಿಲ್ಲ. ಇವರು ಕ್ಯಾಪ್ಟನ್ ಅಂದ್ರು, ಚೆನ್ನಾಗಿತ್ತು, ಸುಮ್ಮನಿದ್ದೆ. ಬೈಯೋದಿದ್ರೆ ನನ್ನ ಬೈಯಿರಿ, ಮಗಳದ್ದೇನೂ ತಪ್ಪಿಲ್ಲ!"

ಪೈಲಟ್ ಅವರನ್ನೇ ದಿಟ್ಟಿಸಿದರು. "ಸೀಟು ಹೊಲಿಯೋರಾ?"

"ಹೌದು ಸಾರ್."

"ಹಾಗಾದ್ರೆ ಇಷ್ಟು ವರ್ಷ ನನ್ನ ಬೆನ್ನು ಹಿಡ್ಕೊಳ್ತಿದ್ದದ್ದು ನಿಮ್ಮಿಂದಾನಾ?"

"ಅಯ್ಯೋ ಇಲ್ಲ! ಪೈಲಟ್ ಸೀಟು ನಮ್ಮ ವಿಭಾಗಕ್ಕೆ ಬರಲ್ಲ, ನಂದು ಪ್ರಯಾಣಿಕರದ್ದು ಮಾತ್ರ!"

ಪೈಲಟ್ಟರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ ಅಲುಗಿತು, ಆಮೇಲೆ ನಗು ಹೊರಗೆ ಬಂತು. ಕ್ಯಾಪ್ಟನ್ನರ ಕೈ ಹಿಡಿದು ನಕ್ಕರು. ಹೋದ ಜೀವ ಬಂದ ಹಾಗೆ ಕ್ಯಾಪ್ಟನ್ ಕೂಡ ನಕ್ಕರು. ಬೀಗರಿಬ್ಬರೂ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಹುಡುಗ ಹುಡುಗಿ ಹಿಂದಿನ ಸಾಲಿನಲ್ಲಿ ಅಕ್ಕಪಕ್ಕ ಕೂತಾಗಿತ್ತು. "ಅಬ್ಬಾ, ಅಂತೂ ಇವರ ಗಂಟಲು ಸರಿಹೋಯ್ತು" ಎಂದು ಕ್ಯಾಪ್ಟನ್ನರ ಹೆಂಡತಿ ಚಹಾ ತರಲು ಎದ್ದರು. ಕಾರ್ಯದರ್ಶಿಗಳು ಮಾತ್ರ "ಹಾಗಾದ್ರೆ ಆ ಕಿಟಕಿ ತೆಗೆಯೋಕೆ ಬರುತ್ತೋ ಇಲ್ವೋ?" ಎಂದು ಎಲ್ಲರನ್ನೂ ಕೇಳುತ್ತಾ ತಿರುಗಿದರು. "ಮಗು ಬದುಕಿತಲ್ಲ, ಇನ್ನು ಏನು ಬೇಕಾದ್ರೂ ಮಾತಾಡಿಕೊಳ್ಳಿ" ಎಂದು ಅಜ್ಜಿ ರಿಮೋಟನ್ನು ನನ್ನ ಕೈಗೆ ಕೊಟ್ಟರು. ಅದರ ಗುಂಡಿಗಳು ಎಲ್ಲಿವೆ ಎನ್ನುವುದೇ ನನಗೆ ಮರೆತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ತಂದೆ ಮಗ ಹೊರಟು ನಿಂತರು. ಹಾರ ತೊಟ್ಟ ಸ್ಕೂಟರು ಗಾಳಿಯಿಲ್ಲದೆ ಗೋಡೆಗೆ ಒರಗಿತ್ತು. ಅದು ನಾಳೆಯವರೆಗೆ ಇಲ್ಲೇ ಇರಲಿ ಎಂದಾಯಿತು. ಕ್ಯಾಪ್ಟನ್ ಮೆಟ್ಟಿಲ ಕೆಳಗೆ ಹೋದರು. ತಾವು ದಿನಾ ಕೆಲಸಕ್ಕೆ ಹೋಗುವ ಹಳೆಯ ಸೈಕಲ್ಲನ್ನು ಹೊರಗೆ ತಂದರು. ಅದರ ಸೀಟಿಗೆ ವಿಮಾನದ ನೀಲಿ ಬಟ್ಟೆಯ ಕವರು ಇತ್ತು, ಹೊಲಿಗೆ ಬಹಳ ಅಚ್ಚುಕಟ್ಟು. ಅದನ್ನು ತಮ್ಮ ಅಂಗಿಯ ತುದಿಯಿಂದ ಒರೆಸಿ, ಎರಡೂ ಕೈಯಿಂದ ಹಿಡಿದು, ಎಲ್ಲರೂ ನೋಡುತ್ತಿರುವಂತೆ ಪೈಲಟ್ಟರ ಕೈಗೆ ಕೊಟ್ಟರು.

ಪೈಲಟ್ ಹತ್ತಿದರು. ಮಗ ಹಿಂದಿನ ಕ್ಯಾರಿಯರ್ ಮೇಲೆ ಕೂತ. ಸೈಕಲ್ಲು ಒಮ್ಮೆ ಎಡಕ್ಕೆ ವಾಲಿತು, ಒಮ್ಮೆ ಬಲಕ್ಕೆ ವಾಲಿತು, ಗೇಟಿನ ಕಂಬವನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಕ್ಯಾಪ್ಟನ್ ಬಾಯಿ ತೆರೆದರು. ಹೆಂಡತಿ ಅವರ ಕಡೆ ತಿರುಗಿದರು. ಅವರು ಬಾಯಿ ಮುಚ್ಚಿ, ಬೀಗರು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸುತ್ತಾ ನಿಂತರು.